ಯಕ್ಷಗಾನದ 4ಕೆ ದೃಶ್ಯಗಳಿಂದ ನಾಯ್ಸ್ ತೆಗೆಯುವ ರೆಂಡರ್ ವೇಗವಾಗಬೇಕಾದರೆ ಯಾವ ಹಾರ್ಡ್‌ವೇರ್ ಕೊಳ್ಳಬೇಕು?

ಪ್ರಶ್ನೆ: ಕಡಲತಡಿ

ಎಲ್ಲರಿಗೂ ನಮಸ್ಕಾರ. ನಾನು ಕುಂದಾಪುರದ ಸುತ್ತಮುತ್ತ ನಡೆಯುವ ಬಡಗುತಿಟ್ಟಿನ ಆಟಗಳನ್ನು ಚಿತ್ರೀಕರಿಸಿ, ಹರಕೆಯ ಆಟ ಆಡಿಸುವ ಮನೆಯವರಿಗೂ ಯೂಟ್ಯೂಬ್ ವಾಹಿನಿಗಳಿಗೂ ಸಂಕಲನ ಮಾಡಿ ಕೊಡುವ ಕೆಲಸದಲ್ಲಿದ್ದೇನೆ. ಕಾಲಮಿತಿಯ ಆಟವೆಂದರೂ ಸುಮಾರು ಐದು ಗಂಟೆಯ ದೃಶ್ಯವಿರುತ್ತದೆ. ರಂಗಸ್ಥಳದ ಬೆಳಕು ಸಾಲದೆ ಐಎಸ್‌ಒ (ಕ್ಯಾಮೆರಾದ ಬೆಳಕಿನ ಸೂಕ್ಷ್ಮತೆ) ಏರಿಸಿಯೇ ಚಿತ್ರೀಕರಿಸಬೇಕಾಗುವುದರಿಂದ ಹಿಂಬದಿಯ ಪರದೆಯ ಮೇಲೂ ಕಪ್ಪು ವೇಷಭೂಷಣಗಳ ಮೇಲೂ ನಾಯ್ಸ್ (ಮರಳು ಚೆಲ್ಲಿದಂಥ ಚುಕ್ಕೆಗಳು) ತುಂಬಿಕೊಳ್ಳುತ್ತದೆ. ಅದನ್ನು ಸಂಕಲನ ತಂತ್ರಾಂಶವಾದ ಡಾವಿಂಚಿ ರಿಸಾಲ್ವ್ ಸ್ಟುಡಿಯೋದ ಟೆಂಪೊರಲ್ (ಅಕ್ಕಪಕ್ಕದ ಫ್ರೇಮ್‌ಗಳನ್ನು ಹೋಲಿಸುವ) ಮತ್ತು ಸ್ಪೇಷಿಯಲ್ (ಒಂದೇ ಫ್ರೇಮಿನೊಳಗೆ ನಯಗೊಳಿಸುವ) ನಾಯ್ಸ್ ರಿಡಕ್ಷನ್ ಎರಡನ್ನೂ ಬಳಸಿ ತೆಗೆಯುತ್ತೇನೆ. ಪ್ರಸಂಗದ ಹೆಸರು ಮತ್ತು ಕಲಾವಿದರ ಹೆಸರಿನ ಶೀರ್ಷಿಕೆಗಳನ್ನು ಆಫ್ಟರ್ ಎಫೆಕ್ಟ್ಸ್‌ನಲ್ಲಿ ಮಾಡುತ್ತೇನೆ.

ಕ್ಯಾಮೆರಾದ ಕಡತಗಳು 4ಕೆ, ಸೆಕೆಂಡಿಗೆ 25 ಫ್ರೇಮ್, ಎಚ್.265 (ವಿಡಿಯೊವನ್ನು ಕುಗ್ಗಿಸುವ ಒಂದು ಬಗೆ), 10 ಬಿಟ್, 4:2:2 (ಬಣ್ಣದ ವಿವರ ಅಡ್ಡಡ್ಡಕ್ಕೆ ಅರ್ಧದಷ್ಟು ಉಳಿಯುವ ಬಗೆ). ಈಗಿರುವ ಕಂಪ್ಯೂಟರಿನಲ್ಲಿ ಇಂಟೆಲ್ ಕೋರ್ ಐ7-8700 ಪ್ರೊಸೆಸರ್, 16 ಜಿಬಿ ಡಿಡಿಆರ್4 ರ‍್ಯಾಮ್, 6 ಜಿಬಿಯ ಜಿಟಿಎಕ್ಸ್ 1060 ಗ್ರಾಫಿಕ್ಸ್ ಕಾರ್ಡ್, ಒಂದು ಸಾಟಾ ಎಸ್‌ಎಸ್‌ಡಿ ಮತ್ತು 450 ವ್ಯಾಟ್‌ನ ಪವರ್ ಸಪ್ಲೈ ಇವೆ. ಒಂದು ಆಟದ ರೆಂಡರ್ ಮುಗಿಯಲು ಹತ್ತಿರ ಹತ್ತಿರ ಎರಡು ದಿನ ಹಿಡಿಯುತ್ತದೆ; ನಡುವೆ ಗ್ರಾಫಿಕ್ಸ್ ಮೆಮೊರಿ ತುಂಬಿದೆಯೆಂಬ ಸೂಚನೆ ಬಂದು ಕೆಲಸ ನಿಂತುಹೋಗುವುದೂ ಉಂಟು. ಮಳೆಗಾಲ ಕಳೆದು ಮೇಳಗಳು ತಿರುಗಾಟಕ್ಕೆ ಹೊರಟ ಮೇಲೆ ವಾರಕ್ಕೆ ಮೂರು ನಾಲ್ಕು ಆಟಗಳ ಕೆಲಸ ಬರುವುದರಿಂದ ಈ ವೇಗ ಏನೇನೂ ಸಾಲುತ್ತಿಲ್ಲ.

ಅಂಗಡಿಯೊಂದರಲ್ಲಿ ವಿಚಾರಿಸಿದಾಗ 16 ಕೋರ್‌ಗಳ ರೈಜನ್ 9 9950ಎಕ್ಸ್, 32 ಜಿಬಿ ರ‍್ಯಾಮ್, ಉಳಿದ ಹಣಕ್ಕೆ 12 ಜಿಬಿಯ ಆರ್‌ಟಿಎಕ್ಸ್ 3060 ಇರುವ ಹೊಸ ಯಂತ್ರವನ್ನೇ ಕೊಳ್ಳುವಂತೆ ಹೇಳಿದರು. ಸ್ನೇಹಿತರೊಬ್ಬರು ಗ್ರಾಫಿಕ್ಸ್ ಕಾರ್ಡ್ ಮಾತ್ರ ಬದಲಾಯಿಸಿದರೆ ಸಾಕೆನ್ನುತ್ತಾರೆ, ಇನ್ನೊಬ್ಬರು ಮ್ಯಾಕ್ ಮಿನಿ ಕೊಳ್ಳಿ ಎನ್ನುತ್ತಾರೆ. ನನ್ನ ಮಿತಿ ಒಂದೂವರೆ ಲಕ್ಷ ರೂಪಾಯಿ. ಯಾವುದಕ್ಕೆ ಹಣ ಹಾಕಿದರೆ ಕೆಲಸ ನಿಜವಾಗಿ ಬೇಗ ಮುಗಿಯುತ್ತದೆ ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ: ವರ್ಣಸಂಸ್ಕಾರ

ಅಂಗಡಿಯವರು ಕೊಟ್ಟ ಪಟ್ಟಿಯನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಮೊದಲು ನಿಮ್ಮ ರೆಂಡರ್ ಎಲ್ಲಿ ಸಿಕ್ಕಿಕೊಳ್ಳುತ್ತಿದೆ ಎಂಬುದನ್ನು ಅಳೆಯೋಣ. ನಾನು ಬೆಂಗಳೂರಿನಲ್ಲಿ ಕಲರ್ ಗ್ರೇಡಿಂಗ್ ಮಾಡುವವನು. ದುಬಾರಿ ಯಂತ್ರ ಕೊಂಡ ಮೇಲೂ ರೆಂಡರ್ ವೇಗ ಹೆಚ್ಚಲಿಲ್ಲವೆಂದು ಬೇಸರಪಟ್ಟವರನ್ನು ಸಾಕಷ್ಟು ನೋಡಿದ್ದೇನೆ, ಮತ್ತು ಅವರಲ್ಲಿ ಹೆಚ್ಚಿನವರು ವೇಗವಾಗಿಯೇ ಇದ್ದ ಭಾಗಕ್ಕೆ ಹಣ ಸುರಿದಿದ್ದರು.

ರೆಂಡರ್ ಎಂದು ನಾವು ಒಂದೇ ಮಾತಿನಲ್ಲಿ ಹೇಳುವ ಕೆಲಸದಲ್ಲಿ ಮೂರು ಹಂತಗಳಿವೆ. ಕ್ಯಾಮೆರಾದ ಸಂಕುಚಿತ ಕಡತವನ್ನು ಬಿಡಿಸಿ ಫ್ರೇಮ್‌ಗಳನ್ನಾಗಿ ಮಾಡುವುದು ಮೊದಲನೆಯದು. ಆ ಫ್ರೇಮ್‌ಗಳ ಮೇಲೆ ನಾಯ್ಸ್ ತೆಗೆಯುವುದು, ಬಣ್ಣ ತಿದ್ದುವುದು ಮುಂತಾದ ಲೆಕ್ಕಗಳನ್ನು ಮಾಡುವುದು ಎರಡನೆಯದು. ಸಿದ್ಧವಾದ ಫ್ರೇಮ್‌ಗಳನ್ನು ಮತ್ತೆ ಸಂಕುಚಿತ ಕಡತವಾಗಿ ಬರೆಯುವುದು ಮೂರನೆಯದು. ರಿಸಾಲ್ವ್ ಈ ಮೂರನ್ನೂ ಒಂದರ ಹಿಂದೊಂದು ಕಾಯಿಸದೆ ಏಕಕಾಲದಲ್ಲಿ ನಡೆಸುವುದರಿಂದ, ಒಟ್ಟು ವೇಗವನ್ನು ನಿರ್ಧರಿಸುವುದು ಇವುಗಳಲ್ಲಿ ಅತ್ಯಂತ ನಿಧಾನವಾದ ಹಂತ ಮಾತ್ರ. ಉಳಿದೆರಡನ್ನು ಎಷ್ಟು ಚುರುಕುಗೊಳಿಸಿದರೂ ಗಡಿಯಾರದಲ್ಲಿ ವ್ಯತ್ಯಾಸ ಕಾಣುವುದಿಲ್ಲ.

ಎರಡನೆಯ ಹಂತ ರಿಸಾಲ್ವ್‌ನಲ್ಲಿ ಬಹುಪಾಲು ಗ್ರಾಫಿಕ್ಸ್ ಕಾರ್ಡಿನ ಹೊಣೆ. ಅದರಲ್ಲೂ ಟೆಂಪೊರಲ್ ನಾಯ್ಸ್ ರಿಡಕ್ಷನ್ ಅತ್ಯಂತ ಭಾರವಾದ ಕೆಲಸಗಳಲ್ಲೊಂದು, ಏಕೆಂದರೆ ಅದು ಒಂದು ಫ್ರೇಮನ್ನು ಶುಚಿಗೊಳಿಸಲು ಅದರ ಹಿಂದಿನ ಮತ್ತು ಮುಂದಿನ ಫ್ರೇಮ್‌ಗಳನ್ನೂ ತಂದು ಹೋಲಿಸಿ, ಚಲನೆ ಯಾವುದು ನಾಯ್ಸ್ ಯಾವುದು ಎಂದು ಬೇರ್ಪಡಿಸಬೇಕು. ರಿಸಾಲ್ವ್ ತನ್ನೊಳಗೆ 32 ಬಿಟ್ ಫ್ಲೋಟ್‌ನಲ್ಲಿ ಲೆಕ್ಕ ಮಾಡುತ್ತದೆ. 3840×2160ರ ಒಂದು ಫ್ರೇಮಿನಲ್ಲಿ ಸುಮಾರು 83 ಲಕ್ಷ ಪಿಕ್ಸೆಲ್‌ಗಳಿವೆ. ನಾಲ್ಕು ಚಾನೆಲ್‌ಗಳಿಗೆ (ಕೆಂಪು, ಹಸಿರು, ನೀಲಿ, ಪಾರದರ್ಶಕತೆ) ತಲಾ 4 ಬೈಟ್‌ನಂತೆ ಲೆಕ್ಕ ಹಾಕಿದರೆ ಒಂದೇ ಫ್ರೇಮಿಗೆ ಸುಮಾರು 133 ಎಂಬಿ ಬೇಕು. ಎರಡೂ ಬದಿಗೆ ಐದೈದು ಫ್ರೇಮ್ ಇಟ್ಟರೆ ಒಟ್ಟು ಹನ್ನೊಂದು ಫ್ರೇಮ್‌ಗಳು, ಅಂದರೆ ಹತ್ತಿರ ಹತ್ತಿರ 1.5 ಜಿಬಿ. ಚಲನೆಯನ್ನು ಅಂದಾಜಿಸಲು ಬೇಕಾದ ಜಾಗ, ಇತರ ನೋಡ್‌ಗಳು (ತಿದ್ದುಪಡಿಯ ಬಿಡಿ ಹಂತಗಳು), ವಿಂಡೋಸ್ ಹಿಡಿದುಕೊಳ್ಳುವ ಪಾಲು ಎಲ್ಲವೂ ಇದರ ಮೇಲೆ ಸೇರುತ್ತವೆ. 6 ಜಿಬಿಯ ಕಾರ್ಡಿನಲ್ಲಿ ಮೆಮೊರಿ ತುಂಬಿತೆಂಬ ಸೂಚನೆ ಬರುವುದು ಇದರಿಂದಲೇ.

ಆದರೆ ಮೊದಲ ಹಂತವನ್ನೂ ನಾನು ಶಂಕಿಸುತ್ತೇನೆ. ನಿಮ್ಮ ಕಡತದ ಬಗೆ, ಅಂದರೆ ಎಚ್.265ರಲ್ಲಿ 10 ಬಿಟ್ 4:2:2, ಎಲ್ಲ ಗ್ರಾಫಿಕ್ಸ್ ಕಾರ್ಡುಗಳಿಗೂ ಬಿಡಿಸಲು ಬರುವುದಿಲ್ಲ. ಜಿಟಿಎಕ್ಸ್ 1060 ಆಗಲಿ ಐ7-8700ರ ಒಳಗಿರುವ ಗ್ರಾಫಿಕ್ಸ್ ಆಗಲಿ ಬಣ್ಣದ ವಿವರ ಇನ್ನೂ ಕಡಿಮೆಯಿರುವ 4:2:0 ಎಚ್.265ನ್ನು ಮಾತ್ರ ಹಾರ್ಡ್‌ವೇರ್‌ನಲ್ಲಿ ಬಿಡಿಸಬಲ್ಲವು. ಆದ್ದರಿಂದ ನಿಮ್ಮಲ್ಲಿ ಆ ಕೆಲಸವೆಲ್ಲ ಪ್ರೊಸೆಸರಿನ ಆರು ಕೋರ್‌ಗಳ ತಲೆಯ ಮೇಲೆ ಬೀಳುತ್ತಿದೆ.

ಹೀಗೆ ಮಾಡಿ. ಕುಣಿತ ಜೋರಾಗಿರುವ ಒಂದು ನಿಮಿಷದ ದೃಶ್ಯವನ್ನು ಆರಿಸಿಕೊಂಡು, ಶಿಫ್ಟ್ ಮತ್ತು ಡಿ ಒತ್ತಿ ಎಲ್ಲ ಗ್ರೇಡ್‌ಗಳನ್ನೂ (ಬಣ್ಣ ಮತ್ತು ನಾಯ್ಸ್‌ನ ತಿದ್ದುಪಡಿಗಳನ್ನು) ಬೈಪಾಸ್ ಮಾಡಿ, ಅಂದರೆ ತಾತ್ಕಾಲಿಕವಾಗಿ ಬದಿಗಿಟ್ಟು, ಒಮ್ಮೆ ರೆಂಡರ್ ಮಾಡಿ. ನಂತರ ಎಲ್ಲವನ್ನೂ ಮರಳಿ ಹಚ್ಚಿ ಇನ್ನೊಮ್ಮೆ ಮಾಡಿ. ಡೆಲಿವರ್ ಪುಟದಲ್ಲಿ ಸೆಕೆಂಡಿಗೆ ಎಷ್ಟು ಫ್ರೇಮ್ ಆಗುತ್ತಿದೆ ಎಂಬುದು ಕಾಣುತ್ತದೆ, ಅದನ್ನು ಬರೆದಿಟ್ಟುಕೊಳ್ಳಿ. ಜೊತೆಗೆ ಟಾಸ್ಕ್ ಮ್ಯಾನೇಜರಿನಲ್ಲಿ ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಬಳಕೆಯನ್ನು ಗಮನಿಸಿ. ಅಲ್ಲಿ 3ಡಿ ಎಂಬ ನಕ್ಷೆಯನ್ನಷ್ಟೇ ನೋಡಿದರೆ ತಪ್ಪು ಚಿತ್ರ ಸಿಗುತ್ತದೆ. ಕುಡಾ ಅಥವಾ ಕಂಪ್ಯೂಟ್ ನಕ್ಷೆಯನ್ನೂ ವಿಡಿಯೊ ಡಿಕೋಡ್ ನಕ್ಷೆಯನ್ನೂ ತೆರೆದಿಟ್ಟುಕೊಳ್ಳಿ.

ಮರು ಬರಹ: ಕಡಲತಡಿ

ತಾವು ಹೇಳಿದಂತೆಯೇ ಅಳೆದೆ. ಎಲ್ಲ ಗ್ರೇಡ್‌ಗಳನ್ನು ಬೈಪಾಸ್ ಮಾಡಿದಾಗ ಸೆಕೆಂಡಿಗೆ 14 ಫ್ರೇಮ್ ಆಸುಪಾಸು ಬಂತು, ಪ್ರೊಸೆಸರ್ ಪೂರ್ತಿ ದುಡಿಯುತ್ತಿತ್ತು, ವಿಡಿಯೊ ಡಿಕೋಡ್ ನಕ್ಷೆ ಮಾತ್ರ ಸೊನ್ನೆಯಲ್ಲೇ ಇತ್ತು. ನಾಯ್ಸ್ ರಿಡಕ್ಷನ್ ಹಚ್ಚಿದಾಗ ವೇಗ 3 ಫ್ರೇಮಿಗೆ ಇಳಿಯಿತು. ಆಗ ಗ್ರಾಫಿಕ್ಸ್ ಕಾರ್ಡ್ ತುಂಬಿಹೋಗಿ ಪ್ರೊಸೆಸರ್ ಮೂರನೇ ಒಂದು ಭಾಗದಷ್ಟೂ ಕೆಲಸ ಮಾಡುತ್ತಿರಲಿಲ್ಲ. ಇದು ಎರಡೂ ಬದಿಗೆ ಎರಡೆರಡು ಫ್ರೇಮ್ ಇಟ್ಟಾಗಿನ ಮಾತು. ಐದಕ್ಕೆ ಏರಿಸಿದರೆ ಮೆಮೊರಿಯ ಸೂಚನೆ ಬರುತ್ತದೆ.

ಉತ್ತರ: ವರ್ಣಸಂಸ್ಕಾರ

ಈಗ ಚಿತ್ರ ಸ್ಪಷ್ಟವಾಯಿತು. ಐದು ಗಂಟೆಯ ಆಟವೆಂದರೆ 4,50,000 ಫ್ರೇಮ್‌ಗಳು. ಸೆಕೆಂಡಿಗೆ 3ರಂತೆ ಅವು ಮುಗಿಯಲು ಸುಮಾರು 42 ಗಂಟೆ ಬೇಕು. ನೀವು ಹೇಳಿದ ಎರಡು ದಿನಕ್ಕೆ ಇದು ಹೊಂದುತ್ತದೆ. ಈ 42 ಗಂಟೆಗೆ ಕಾರಣ ಗ್ರಾಫಿಕ್ಸ್ ಕಾರ್ಡ್. ಅದರ ಜಾಗದಲ್ಲಿ ಎಷ್ಟೇ ಶಕ್ತಿಯುತವಾದ ಕಾರ್ಡ್ ತಂದರೂ, ಕಡತ ಬಿಡಿಸುವ ಕೆಲಸ ಪ್ರೊಸೆಸರಿನಲ್ಲೇ ಉಳಿದರೆ ವೇಗ 14ನ್ನು ದಾಟುವುದಿಲ್ಲ, ಅಂದರೆ 9 ಗಂಟೆಗಿಂತ ಕೆಳಗೆ ಬರುವುದಿಲ್ಲ. 42ರಿಂದ 9ಕ್ಕೆ ಇಳಿಯುವುದೇ ದೊಡ್ಡ ಲಾಭ, ನಿಜ. ಆದರೆ ಎರಡೂ ತಡೆಗಳನ್ನು ಒಂದೇ ಖರೀದಿಯಲ್ಲಿ ತೆಗೆಯುವ ದಾರಿ ಈಗ ಇದೆ.

ಎನ್‌ವಿಡಿಯಾದ ಕಾರ್ಡುಗಳಿಗೆ 4:2:2 ಕಡತಗಳನ್ನು ಹಾರ್ಡ್‌ವೇರ್‌ನಲ್ಲಿ ಬಿಡಿಸುವ ಶಕ್ತಿ ಬಂದದ್ದು 2025ರಲ್ಲಿ ಬಿಡುಗಡೆಯಾದ ಆರ್‌ಟಿಎಕ್ಸ್ 50 ಸರಣಿಯಿಂದ. 20, 30 ಮತ್ತು 40 ಸರಣಿಗಳಿಗೆ ಅದಿಲ್ಲ. ಆದ್ದರಿಂದ 50 ಸರಣಿಯ ಕಾರ್ಡನ್ನು ನಿಮ್ಮ ಹಳೆಯ ಯಂತ್ರಕ್ಕೆ ಹಾಕಿ, ರಿಸಾಲ್ವ್‌ನ ಹೊಸ ಆವೃತ್ತಿಯನ್ನೂ ಹೊಸ ಡ್ರೈವರನ್ನೂ ಬಳಸಿದರೆ ನಾಯ್ಸ್ ತೆಗೆಯುವ ಲೆಕ್ಕವೂ ಕಡತ ಬಿಡಿಸುವ ಕೆಲಸವೂ ಕಾರ್ಡಿಗೇ ಹೋಗುತ್ತವೆ. ಅಂಗಡಿಯವರು ಹೇಳಿದ ಜೋಡಿ ಇದಕ್ಕೆ ತದ್ವಿರುದ್ಧ: 16 ಕೋರ್‌ಗಳು ಕಡತವನ್ನು ಬೇಗ ಬಿಡಿಸಿ ಕೊಟ್ಟು, 3060 ತನ್ನ ಪಾಲಿನ ಲೆಕ್ಕ ಮುಗಿಸುವುದನ್ನು ಕಾಯುತ್ತ ಕೂರುತ್ತವೆ. ಆ ಪ್ರೊಸೆಸರ್ ಒಳ್ಳೆಯದಲ್ಲ ಎಂದಲ್ಲ. ನಿಮ್ಮ ಕೆಲಸಕ್ಕೆ ಅದು ಬೇಕಾದ ಜಾಗದಲ್ಲಿ ಇಲ್ಲ.

ಕಾರ್ಡನ್ನು ಆರಿಸುವಾಗ ಮೆಮೊರಿಯ ಗಾತ್ರದೊಂದಿಗೆ ಅದರ ವೇಗವನ್ನೂ ನೋಡಿ. ಟೆಂಪೊರಲ್ ಲೆಕ್ಕದಲ್ಲಿ ದೊಡ್ಡ ದೊಡ್ಡ ಫ್ರೇಮ್‌ಗಳನ್ನು ಮತ್ತೆ ಮತ್ತೆ ಓದಿ ಬರೆಯಬೇಕಾಗುವುದರಿಂದ ಈ ಅಂಕಿ ಬಹಳ ಮುಖ್ಯವಾಗುತ್ತದೆ. ನಿಮ್ಮ 1060ರದ್ದು ಸೆಕೆಂಡಿಗೆ 192 ಜಿಬಿ, 3060ರದ್ದು 360, 5060 ಟಿಐಯದ್ದು 448, 5070ರದ್ದು 672, 5070 ಟಿಐಯದ್ದು 896. ಮೆಮೊರಿ 5070ರಲ್ಲಿ 12 ಜಿಬಿ, 5070 ಟಿಐಯಲ್ಲಿ 16 ಜಿಬಿ. 5060 ಟಿಐ 8 ಜಿಬಿಯಲ್ಲೂ 16 ಜಿಬಿಯಲ್ಲೂ ಸಿಗುತ್ತದೆ. ಹಣ ಉಳಿಸುವ ಆಸೆಯಿಂದ 8 ಜಿಬಿಯದನ್ನು ಮಾತ್ರ ಕೊಳ್ಳಬೇಡಿ. ನನ್ನ ಆಯ್ಕೆ 5070 ಟಿಐ. ಬೆಲೆ ಕೈಗೆಟುಕದಿದ್ದರೆ 16 ಜಿಬಿಯ 5060 ಟಿಐ ಕೊಳ್ಳಬಹುದು. ಅದು ಪಿಸಿಐಇಯ (ಕಾರ್ಡನ್ನು ಬೋರ್ಡಿಗೆ ಜೋಡಿಸುವ ದಾರಿಯ) ಎಂಟು ಲೇನ್‌ಗಳನ್ನಷ್ಟೇ ಬಳಸುತ್ತದೆ ಮತ್ತು ನಿಮ್ಮ ಬೋರ್ಡ್ ಪಿಸಿಐಇ 3.0 ಆಗಿರುವುದರಿಂದ ದಾರಿ ಕಿರಿದಾಗುತ್ತದೆ. ಆದರೂ ಸೆಕೆಂಡಿಗೆ ಸುಮಾರು 8 ಜಿಬಿ ಸಾಗಿಸುವ ಆ ದಾರಿ ನಿಮ್ಮ ಫ್ರೇಮ್‌ಗಳಿಗೆ ಸಾಲದೆ ಹೋಗುವುದಿಲ್ಲ.

ಮುಂದೆಂದಾದರೂ ಹೊಸ ಪ್ರೊಸೆಸರ್ ಕೊಳ್ಳುವುದಾದರೆ, ಎಚ್.265 4:2:2ನ್ನು ಬಿಡಿಸುವ ಕ್ವಿಕ್ ಸಿಂಕ್ (ಪ್ರೊಸೆಸರಿನೊಳಗಿನ ಗ್ರಾಫಿಕ್ಸ್‌ನ ವಿಡಿಯೊ ಘಟಕ) ಇಂಟೆಲ್‌ನ ಈಚಿನ ಪೀಳಿಗೆಗಳಲ್ಲಿದೆ, ಕೋರ್ ಅಲ್ಟ್ರಾ 7 265ಕೆ ಅಂಥದ್ದೊಂದು. ಹೆಸರಿನ ಕೊನೆಯಲ್ಲಿ ಎಫ್ ಇರುವ ಪ್ರೊಸೆಸರುಗಳಲ್ಲಿ ಗ್ರಾಫಿಕ್ಸೇ ಇಲ್ಲದ್ದರಿಂದ ಈ ಸೌಲಭ್ಯವೂ ಇರುವುದಿಲ್ಲ. ಆಪಲ್‌ನ ಎಂ ಸರಣಿಯ ಚಿಪ್‌ಗಳೂ ಇಂಥ ಕಡತಗಳನ್ನು ಸಲೀಸಾಗಿ ಬಿಡಿಸುತ್ತವೆ. ಆದರೆ ನಿಮ್ಮ ಮಿತಿಯೊಳಗೆ ಬರುವ ಮ್ಯಾಕ್ ಮಿನಿಗಿಂತ ನಾಯ್ಸ್ ತೆಗೆಯುವ ಭಾರವನ್ನು 5070 ಟಿಐ ಚೆನ್ನಾಗಿ ಹೊರುತ್ತದೆ ಎಂಬುದು ನನ್ನ ಅಭಿಪ್ರಾಯ.

ಇನ್ನೊಂದು ವಿಷಯ. ಕ್ಯಾಮೆರಾ ಎಚ್.264ರಲ್ಲಿ 4:2:2 10 ಬಿಟ್ ದಾಖಲಿಸುತ್ತಿದ್ದರೆ 265ಕೆಯ ಕ್ವಿಕ್ ಸಿಂಕ್ ನೆರವಾಗದು, 50 ಸರಣಿಯ ಕಾರ್ಡ್ ನೆರವಾಗುತ್ತದೆ. ಆದ್ದರಿಂದ ಕಡತದ ಬಗೆಯನ್ನು ಮೀಡಿಯಾಇನ್ಫೊ ತಂತ್ರಾಂಶದಲ್ಲಿ ತೆರೆದು ಖಚಿತಪಡಿಸಿಕೊಳ್ಳಿ.

ಉತ್ತರ: ಶೀರ್ಷಿಕೆ ಮನೆ

ರಿಸಾಲ್ವ್‌ನ ಮಟ್ಟಿಗೆ ಮೇಲಿನ ವಿವರಣೆಯನ್ನು ಪೂರ್ತಿ ಒಪ್ಪುತ್ತೇನೆ. ಆದರೆ ಹಣವೆಲ್ಲವನ್ನೂ ಕಾರ್ಡಿಗೇ ಮೀಸಲಿಡುವುದನ್ನು ಒಪ್ಪಲಾರೆ. 16 ಜಿಬಿ ರ‍್ಯಾಮ್ ಇಟ್ಟುಕೊಂಡು 4ಕೆಯಲ್ಲಿ ಆಫ್ಟರ್ ಎಫೆಕ್ಟ್ಸ್ ನಡೆಸುವುದು ಬಲು ಕಷ್ಟ, ಮತ್ತು ರಿಸಾಲ್ವ್‌ನಲ್ಲೂ ಅದರ ಎಫೆಕ್ಟ್ಸ್ ವಿಭಾಗವಾದ ಫ್ಯೂಷನ್ ಬಳಸುವವರಿಗೆ 32 ಜಿಬಿ ಇರಲಿ ಎಂದು ಅದನ್ನು ತಯಾರಿಸಿದವರೇ ಸೂಚಿಸುತ್ತಾರೆ.

ಆಫ್ಟರ್ ಎಫೆಕ್ಟ್ಸ್ ಸಿದ್ಧವಾದ ಫ್ರೇಮ್‌ಗಳನ್ನು ರ‍್ಯಾಮ್‌ನಲ್ಲಿ ಹಿಡಿದಿಟ್ಟುಕೊಂಡು ಪ್ರಿವ್ಯೂ ತೋರಿಸುತ್ತದೆ. 16 ಬಿಟ್ ಬಣ್ಣದಲ್ಲಿ 4ಕೆಯ ಒಂದು ಫ್ರೇಮಿಗೆ ಸುಮಾರು 66 ಎಂಬಿ ಬೇಕು. ಹತ್ತು ಸೆಕೆಂಡಿನ ಶೀರ್ಷಿಕೆಯೊಂದರ 250 ಫ್ರೇಮ್‌ಗಳಿಗೆ 16.6 ಜಿಬಿ, ಅಂದರೆ ಹತ್ತಿರ ಹತ್ತಿರ ನಿಮ್ಮ ಕಂಪ್ಯೂಟರಿನ ಇಡೀ ರ‍್ಯಾಮ್‌ನಷ್ಟು. 2021ರ ಅಕ್ಟೋಬರಿನಲ್ಲಿ ಬಂದ 22.0 ಆವೃತ್ತಿಯಿಂದ ಈ ತಂತ್ರಾಂಶ ಹಲವು ಫ್ರೇಮ್‌ಗಳನ್ನು ಬೇರೆ ಬೇರೆ ಕೋರ್‌ಗಳಲ್ಲಿ ಒಟ್ಟಿಗೆ ರೆಂಡರ್ ಮಾಡುತ್ತದೆ. ಪ್ರತಿ ಫ್ರೇಮಿಗೂ ಅದರದೇ ಕೆಲಸದ ಜಾಗ ಬೇಕಾಗುವುದರಿಂದ ರ‍್ಯಾಮ್ ಕಡಿಮೆಯಿದ್ದಾಗ ಕೋರ್‌ಗಳಿದ್ದೂ ಕೆಲವನ್ನಷ್ಟೇ ಬಳಸುತ್ತದೆ. 16 ಕೋರ್‌ಗಳ ಪ್ರೊಸೆಸರ್ ತನ್ನ ಬೆಲೆಗೆ ತಕ್ಕ ಕೆಲಸ ಮಾಡುವುದು ಇಲ್ಲಿ, ಅದೂ ಸಾಕಷ್ಟು ರ‍್ಯಾಮ್ ಜೊತೆಗಿದ್ದಾಗ. ಎಕ್ಸ್‌ಪ್ರೆಷನ್‌ಗಳ (ಚಲನೆಯನ್ನು ನಿಯಂತ್ರಿಸುವ ಪುಟ್ಟ ಕೋಡ್‌ಗಳ) ಲೆಕ್ಕವೂ ಪ್ರೊಸೆಸರಿನದೇ. ಗ್ರಾಫಿಕ್ಸ್ ಕಾರ್ಡಿನಿಂದ ವೇಗ ಪಡೆಯುವ ಎಫೆಕ್ಟ್‌ಗಳು ಬೇರೆ, ಪಡೆಯದವು ಬೇರೆ.

ಯಾವ ಪದರ ಎಷ್ಟು ಹೊತ್ತು ತಿನ್ನುತ್ತಿದೆ ಎಂಬುದನ್ನು ಊಹಿಸಬೇಕಾಗಿಲ್ಲ. ಟೈಮ್‌ಲೈನ್‌ನ ಕೆಳಗೆ ಎಡಭಾಗದಲ್ಲಿರುವ ಬಸವನಹುಳುವಿನ ಗುರುತನ್ನು ಒತ್ತಿದರೆ ಪ್ರತಿ ಪದರದ, ಪ್ರತಿ ಎಫೆಕ್ಟ್‌ನ ರೆಂಡರ್ ಸಮಯ ಪಕ್ಕದಲ್ಲೇ ಬರುತ್ತದೆ. ಬಹಳಷ್ಟು ಸಲ ಒಂದೇ ಒಂದು ಬ್ಲರ್ ಅಥವಾ ಗ್ಲೋ ಉಳಿದೆಲ್ಲಕ್ಕಿಂತ ಹೆಚ್ಚು ಹೊತ್ತು ಹಿಡಿಯುತ್ತಿರುವುದು ಅಲ್ಲಿ ಗೊತ್ತಾಗುತ್ತದೆ.

ಹಾಗೆಂದು ಐದು ಗಂಟೆಯ ಆಟದಲ್ಲಿ ಕೆಲವೇ ನಿಮಿಷ ಬರುವ ಶೀರ್ಷಿಕೆಗಳಿಗಾಗಿ ಹೊಸ ಪ್ರೊಸೆಸರ್, ಹೊಸ ಬೋರ್ಡ್, ಡಿಡಿಆರ್5 ರ‍್ಯಾಮ್ ಎಲ್ಲವನ್ನೂ ಕೊಳ್ಳಿ ಎನ್ನಲಾರೆ. ಈಗಿನ ಬೋರ್ಡಿಗೆ ಹೊಂದುವ ಡಿಡಿಆರ್4ನಲ್ಲೇ 32 ಜಿಬಿಗೆ ಏರಿಸಿ. ಕಡಿಮೆ ಬೆಲೆಗೆ ಸಿಕ್ಕರೆ 64 ಇನ್ನೂ ಒಳ್ಳೆಯದು. ಕಲಾವಿದರ ಹೆಸರಿನ ಪಟ್ಟಿಯ ಹಿನ್ನೆಲೆ, ಅಂಚಿನ ಚಿತ್ತಾರ ಮುಂತಾಗಿ ಪ್ರತಿ ಆಟದಲ್ಲೂ ಬದಲಾಗದೆ ಬರುವ ಭಾಗಗಳನ್ನು ಪಾರದರ್ಶಕತೆ ಉಳಿಯುವಂತೆ ಪ್ರೋರೆಸ್ 4444ನಲ್ಲಿ ಒಮ್ಮೆ ರೆಂಡರ್ ಮಾಡಿಟ್ಟುಕೊಂಡು, ಹೆಸರುಗಳನ್ನು ಮಾತ್ರ ರಿಸಾಲ್ವ್‌ನಲ್ಲೇ ಬರೆಯಿರಿ. ಇದಕ್ಕೆ ಬಿಡಿಗಾಸು ಖರ್ಚಿಲ್ಲ, ಉಳಿಯುವ ಸಮಯ ಮಾತ್ರ ಬಹಳ.

ಉತ್ತರ: ಬಿಡಿಭಾಗ

ಇಬ್ಬರೂ ವೇಗದ ಬಗ್ಗೆ ಹೇಳಿದ್ದಾರೆ. ನಾನು ಯಂತ್ರ ಜೋಡಿಸುವವನಾದ್ದರಿಂದ ವಿದ್ಯುತ್ತಿನ ಬಗ್ಗೆ ಹೇಳಬೇಕು. 5070 ಟಿಐ ಒಂದೇ 300 ವ್ಯಾಟ್ ಎಳೆಯುತ್ತದೆ, ನಿಮ್ಮ 1060 ಎಳೆಯುತ್ತಿದ್ದದ್ದು 120. ಈ ಕಾರ್ಡಿಗೆ ಎನ್‌ವಿಡಿಯಾ ಸೂಚಿಸುವ ಪವರ್ ಸಪ್ಲೈ 750 ವ್ಯಾಟ್‌ನದು. 450 ವ್ಯಾಟ್‌ನದರಲ್ಲಿ ಹೇಗೋ ನಡೆಯುತ್ತದೆ ಎಂದು ಯಾರು ಹೇಳಿದರೂ ಕೇಳಬೇಡಿ. ಒಳ್ಳೆಯ ಗುಣಮಟ್ಟದ 750 ವ್ಯಾಟ್‌ನದನ್ನು ಕಾರ್ಡಿನ ಜೊತೆಗೇ ಲೆಕ್ಕಕ್ಕೆ ಸೇರಿಸಿಕೊಳ್ಳಿ. ಕಾರ್ಡಿಗೆ ಹೋಗುವ ವಿದ್ಯುತ್ ಕನೆಕ್ಟರನ್ನು ಕೊನೆಯವರೆಗೂ ಒತ್ತಿ ಕೂರಿಸಬೇಕು, ಅದರ ಬುಡದಲ್ಲೇ ತಂತಿಯನ್ನು ಮಡಚಬಾರದು.

ಯುಪಿಎಸ್ ಬಗ್ಗೆ ನೀವು ಬರೆದಿಲ್ಲ. ಅಂಗಡಿಗಳಲ್ಲಿ ಸಾಮಾನ್ಯವಾಗಿ ಸಿಗುವ 600 ವಿಎ ಯುಪಿಎಸ್ ಸುಮಾರು 360 ವ್ಯಾಟ್‌ನ ಭಾರವನ್ನಷ್ಟೇ ಹೊರುತ್ತದೆ. ರೆಂಡರ್ ನಡೆಯುವಾಗ ಹೊಸ ಕಾರ್ಡ್, ಪ್ರೊಸೆಸರ್ ಮತ್ತು ಮಾನಿಟರ್ ಸೇರಿ ಅದನ್ನು ಸುಲಭವಾಗಿ ಮೀರುತ್ತವೆ. ದೊಡ್ಡ ಯುಪಿಎಸ್ ಹಾಕಿದರೂ ಕರಾವಳಿಯ ಮಳೆಗಾಲದಲ್ಲಿ ಗಂಟೆಗಟ್ಟಲೆ ಹೋಗುವ ಕರೆಂಟನ್ನು ಅದು ತುಂಬಿಕೊಡಲಾರದು. ಆದ್ದರಿಂದ ಐದು ಗಂಟೆಯ ಆಟವನ್ನು ಒಂದೇ ಕಡತವಾಗಿ ರೆಂಡರ್ ಮಾಡುವ ಪದ್ಧತಿಯನ್ನು ಬಿಟ್ಟುಬಿಡಿ. ಒಡ್ಡೋಲಗ, ಸಂಭಾಷಣೆ, ಯುದ್ಧ ಎಂದು ಪ್ರಸಂಗದ ಓಟಕ್ಕೆ ತಕ್ಕಂತೆ ಭಾಗಗಳನ್ನು ಮಾಡಿ ಸಾಲಿಗೆ ಹಾಕಿದರೆ, ಕರೆಂಟು ಹೋದಾಗ ನಡೆಯುತ್ತಿದ್ದ ಆ ಒಂದು ಭಾಗವನ್ನು ಮಾತ್ರ ಮತ್ತೆ ಮಾಡಬೇಕಾಗುತ್ತದೆ. ಎಲ್ಲ ಭಾಗಗಳಿಗೂ ಒಂದೇ ಸೆಟ್ಟಿಂಗ್ ಇಟ್ಟಿದ್ದರೆ ಅವನ್ನು ಮತ್ತೆ ಎನ್‌ಕೋಡ್ ಮಾಡದೆಯೇ ಜೋಡಿಸಬಹುದು.

ಎಸ್‌ಎಸ್‌ಡಿಗೆ ಹೆಚ್ಚು ಹಣ ಹಾಕಬೇಡಿ. ನಿಮ್ಮ ಕ್ಯಾಮೆರಾ ಸೆಕೆಂಡಿಗೆ 100 ಮೆಗಾಬಿಟ್‌ನಂತೆ ದಾಖಲಿಸುತ್ತದೆ ಎಂದಿಟ್ಟುಕೊಂಡರೆ ಅದು ಸೆಕೆಂಡಿಗೆ 12.5 ಎಂಬಿ ಮಾತ್ರ; ಅಷ್ಟನ್ನು ಹಾರ್ಡ್ ಡಿಸ್ಕ್ ಕೂಡ ಓದಿ ಕೊಡುತ್ತದೆ. ಅದೇ ಪ್ರತಿ ಫ್ರೇಮನ್ನೂ ಬೇರೆ ಚಿತ್ರವಾಗಿ ಉಳಿಸುವ ಓಪನ್ ಇಎಕ್ಸ್‌ಆರ್ ಬಗೆಯಲ್ಲಿ ಸಂಕುಚನವಿಲ್ಲದ, 16 ಬಿಟ್‌ನ ಮೂರು ಚಾನೆಲ್‌ಗಳ 4ಕೆ ಫ್ರೇಮ್‌ಗಳನ್ನು ಬಳಸುವವರಿಗೆ ಒಂದೊಂದು ಫ್ರೇಮೂ 50 ಎಂಬಿಯಷ್ಟಾಗುವುದರಿಂದ ಸೆಕೆಂಡಿಗೆ 1.2 ಜಿಬಿಗಿಂತ ಹೆಚ್ಚು ಓದಬೇಕಾಗುತ್ತದೆ, ಆಗ ಸಾಟಾಗಿಂತ ಬಹಳ ವೇಗದ ಎನ್‌ವಿಎಂಇ ಎಸ್‌ಎಸ್‌ಡಿ ಇಲ್ಲದೆ ಆಗುವುದಿಲ್ಲ. ನಿಮಗೆ ರಿಸಾಲ್ವ್‌ನ ಕ್ಯಾಶ್‌ಗಾಗಿ (ಮಾಡಿದ ಲೆಕ್ಕದ ಫಲವನ್ನು ಉಳಿಸಿಡಲು) ಸಾಧಾರಣ ಬೆಲೆಯ 1 ಟಿಬಿ ಎನ್‌ವಿಎಂಇ ಒಂದಿದ್ದರೆ ಸಾಕು.

ಸೆಕೆ ಹೆಚ್ಚಿರುವ ಕೋಣೆಯಾದರೆ ಕಾರ್ಡಿನ ವಿದ್ಯುತ್ ಮಿತಿಯನ್ನು 80 ಶೇಕಡಾಕ್ಕೆ ಇಳಿಸಿ ನೋಡಿ. ವೇಗ ಅಷ್ಟೇ ಪ್ರಮಾಣದಲ್ಲಿ ಇಳಿಯುವುದಿಲ್ಲ, ಬಿಸಿ ಮಾತ್ರ ಚೆನ್ನಾಗಿ ಇಳಿಯುತ್ತದೆ. ಕಡಲ ಗಾಳಿಯ ಉಪ್ಪು ಮತ್ತು ತೇವ ಕನೆಕ್ಟರುಗಳಿಗೆ ತುಕ್ಕು ಹಿಡಿಸುವುದರಿಂದ ಯಂತ್ರವನ್ನು ಕಿಟಕಿಯ ಬದಿಯಲ್ಲಿ ಇಡಬೇಡಿ. ಖರೀದಿಗೆ ಮೊದಲು ಕ್ಯಾಬಿನೆಟ್ಟಿನ ಒಳಗಿನ ಉದ್ದವನ್ನು ಅಳೆಯಿರಿ. 5070 ಟಿಐ ಕಾರ್ಡುಗಳಲ್ಲಿ 300 ಮಿಲಿಮೀಟರ್ ಮೀರಿದವೂ ಮೂರು ಸ್ಲಾಟ್‌ಗಳ ಜಾಗ ಹಿಡಿಯುವವೂ ಇವೆ.

ಮರು ಬರಹ: ಕಡಲತಡಿ

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. 16 ಜಿಬಿಯ 5070 ಟಿಐ, 750 ವ್ಯಾಟ್‌ನ ಪವರ್ ಸಪ್ಲೈ, ಇನ್ನೂ 16 ಜಿಬಿ ಡಿಡಿಆರ್4 ಮತ್ತು 1 ಟಿಬಿ ಎನ್‌ವಿಎಂಇ ಎಂದು ತೀರ್ಮಾನಿಸಿದ್ದೇನೆ. ಪ್ರೊಸೆಸರ್ ಮತ್ತು ಬೋರ್ಡ್ ಈಗಿರುವಂತೆಯೇ ಇರಲಿ. ಕ್ಯಾಬಿನೆಟ್ಟಿನ ಒಳಗಿನ ಉದ್ದ 330 ಮಿಲಿಮೀಟರ್ ಇದೆ. ಕೊಳ್ಳುವ ಮೊದಲೇ ಈ ಕಾರ್ಡ್ ನನ್ನ ಕಡತಗಳ ಮೇಲೆ ಎಷ್ಟು ವೇಗ ಕೊಡುತ್ತದೆ ಎಂದು ನೋಡಲು ಸಾಧ್ಯವೇ?

ಉತ್ತರ: ವರ್ಣಸಂಸ್ಕಾರ

ಸಾಧ್ಯ, ಹಾಗೆ ನೋಡಿಯೇ ಕೊಳ್ಳಿ. ಅದೇ ಒಂದು ನಿಮಿಷದ ದೃಶ್ಯವನ್ನು ಪ್ರಾಜೆಕ್ಟ್ ಸಮೇತ ಪೆನ್ ಡ್ರೈವ್‌ಗೆ ಹಾಕಿಕೊಂಡು, ಈ ಕಾರ್ಡ್ ಜೋಡಿಸಿಟ್ಟಿರುವ ಅಂಗಡಿಗೋ ಪರಿಚಯದ ಸ್ಟುಡಿಯೋಗೋ ಹೋಗಿ. ನಿಮ್ಮ ಬಳಿ ಇರುವುದು ರಿಸಾಲ್ವ್ ಸ್ಟುಡಿಯೋದ ಆಕ್ಟಿವೇಶನ್ ಕೀ ಆದರೆ ಅದು ಎರಡು ಯಂತ್ರಗಳಲ್ಲಿ ನಡೆಯುತ್ತದೆ, ಡಾಂಗಲ್ (ಯುಎಸ್‌ಬಿ ಪರವಾನಗಿ ಕೀಲಿ) ಆದರೆ ಜೊತೆಗೇ ಒಯ್ಯಿರಿ. ಮೊದಲು ಬೈಪಾಸ್ ಮಾಡಿ ರೆಂಡರ್ ಮಾಡುವಾಗ ವಿಡಿಯೊ ಡಿಕೋಡ್ ನಕ್ಷೆ ಮೇಲೇಳುತ್ತದೆಯೇ ನೋಡಿ; ಏಳದಿದ್ದರೆ ರಿಸಾಲ್ವ್‌ನ ಪ್ರಿಫರೆನ್ಸಸ್‌ನಲ್ಲಿ ಡಿಕೋಡ್ ಆಯ್ಕೆಗಳನ್ನು ಪರೀಕ್ಷಿಸಿ. ಬಳಿಕ ನಾಯ್ಸ್ ರಿಡಕ್ಷನ್ ಹಚ್ಚಿ ಎರಡೂ ಬದಿಗೆ ಎರಡು, ಮೂರು, ಐದು ಫ್ರೇಮ್‌ಗಳನ್ನಿಟ್ಟು ವೇಗವನ್ನೂ ಚಿತ್ರವನ್ನೂ ಹೋಲಿಸಿ. ಮಂಡಿ ಹಾಕಿ ತಿರುಗುವ ಕುಣಿತದಲ್ಲಿ ಫ್ರೇಮ್‌ಗಳ ಸಂಖ್ಯೆ ಮತ್ತು ತೀವ್ರತೆ ಹೆಚ್ಚಾದಷ್ಟೂ ಕೈಗಳ ಹಿಂದೆ ನೆರಳಿನಂಥ ಗೆರೆ ಉಳಿಯುವ ಅಪಾಯವಿದೆ, ಸ್ಪೇಷಿಯಲ್ ಹೆಚ್ಚಾದರೆ ಮುಖವರ್ಣಿಕೆಯ ಸೂಕ್ಷ್ಮ ಗೆರೆಗಳು ಕರಗುತ್ತವೆ. ಹೀಗಾಗಿ ಸಂಭಾಷಣೆಯ ಭಾಗಗಳಿಗೆ ಒಂದು ಮಟ್ಟ, ಕುಣಿತದ ಭಾಗಗಳಿಗೆ ಅದಕ್ಕಿಂತ ಹಗುರವಾದ ಇನ್ನೊಂದು ಮಟ್ಟ ಎಂದು ಎರಡು ನೋಡ್‌ಗಳನ್ನು ಸಿದ್ಧಮಾಡಿಟ್ಟುಕೊಳ್ಳಿ. ಅವುಗಳಿಗೆ ನೋಡ್ ಕ್ಯಾಶ್ ಹಾಕಿದರೆ, ಆಮೇಲೆ ಬಣ್ಣ ಎಷ್ಟು ಸಲ ತಿದ್ದಿದರೂ ನಾಯ್ಸ್‌ನ ಲೆಕ್ಕ ಮತ್ತೆ ಆಗುವುದಿಲ್ಲ.